ಕರಾವಳಿಯ ಬ್ಯಾಂಕುಗಳು ಮತ್ತು ಕಸುಬಿನ ಕಲಿಕೆ

ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂಬ ಐದು ಬ್ಯಾಂಕುಗಳು 1906ರಿಂದ 1931ರ ನಡುವೆ ಆಗಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಅಂದರೆ ಇಂದಿನ ದಕ್ಷಿಣ ಕನ್ನಡ ಮತ್ತು ಉಡುಪಿಯ ನೆಲದಲ್ಲಿ ಹುಟ್ಟಿದವು. ಈ ಸಂಗತಿ ಬ್ಯಾಂಕಿಂಗ್ ಚರಿತ್ರೆ ಬರೆದವರೆಲ್ಲರ ಗಮನಕ್ಕೆ ಬಂದಿದೆ. ಇದರ ಜೊತೆಯಲ್ಲೇ ನಡೆದ ಇನ್ನೊಂದು ಕೆಲಸಕ್ಕೆ ಅಷ್ಟು ಪ್ರಚಾರ ಸಿಕ್ಕಿಲ್ಲ. ವ್ಯಾಪಾರದಲ್ಲಿ ಗಳಿಸಿದ ಹಣದ ಒಂದು ಪಾಲನ್ನು ಓದಿಗೆ, ಅದರಲ್ಲೂ ಕೈಯಲ್ಲಿ ಕಾಸಿಲ್ಲದ ಹುಡುಗ ಹುಡುಗಿಯರ ಕಸುಬಿನ ತರಬೇತಿಗೆ ತೆಗೆದಿಡುವ ರೂಢಿ ಈ ಜಿಲ್ಲೆಯಲ್ಲಿ ಬಹಳ ಮೊದಲೇ ಬೇರೂರಿತ್ತು. ಉಜಿರೆಯಲ್ಲಿ 1982ರಲ್ಲಿ ಆರಂಭವಾಗಿ ಮುಂದೆ ದೇಶದ ಜಿಲ್ಲೆ ಜಿಲ್ಲೆಗೂ ಹಬ್ಬಿದ ಸ್ವಉದ್ಯೋಗ ತರಬೇತಿಯ ಕ್ರಮ ಈ ರೂಢಿಯ ಫಲ. ಕಲಿಸುವುದು ಅರ್ಧ ಕೆಲಸ, ಕಲಿತವರು ಮರುದಿನ ಏನು ಹಿಡಿದು ದುಡಿಯಬೇಕು ಎಂಬುದು ಉಳಿದರ್ಧ. ಕರಾವಳಿಯ ಪ್ರಯೋಗಗಳೆಲ್ಲ ಈ ಉಳಿದರ್ಧದ ಸುತ್ತಲೇ ನಡೆದಿವೆ.

ಈ ಪ್ರಶ್ನೆಯನ್ನು ಇಲ್ಲಿ ಮೊದಲು ಎದುರಿಸಿದ್ದು ಬಾಸೆಲ್ ಮಿಷನ್. ಸ್ಯಾಮ್ಯುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಮಾತಿಗೆ ಒಲಿದು ಕ್ರೈಸ್ತರಾದವರಲ್ಲಿ ಬಿಲ್ಲವರ ಸಂಖ್ಯೆ ದೊಡ್ಡದು. ಮತ ಬದಲಿಸಿದವನು ಮನೆಯನ್ನು, ನೆಂಟರನ್ನು, ಗೇಣಿಯ ಭೂಮಿಯನ್ನು ಒಟ್ಟಿಗೇ ಕಳೆದುಕೊಳ್ಳುವ ಕಾಲ ಅದು. ಶೇಂದಿ ಇಳಿಸುವ ಕುಲಕಸುಬು ಮಿಷನ್ನಿನ ಕಣ್ಣಿಗೆ ಸಲ್ಲದ್ದು. ಆದ್ದರಿಂದ ಸೇರಿದವರಿಗೆ ಬದುಕುವ ದಾರಿ ತೋರಿಸುವ ಹೊಣೆ ಮಿಷನ್ನಿನ ಮೇಲೇ ಬಿತ್ತು. ಬೇಸಾಯ ಮತ್ತು ಗಡಿಯಾರದ ಕೆಲಸದಂಥ ಮೊದಲ ಪ್ರಯತ್ನಗಳು ನಿಲ್ಲಲಿಲ್ಲ. ನಿಂತದ್ದು ಮೂರು: 1841ರಲ್ಲಿ ಆರಂಭವಾದ ಅಚ್ಚುಕೂಟ, ನೇಯ್ಗೆ, ಮತ್ತು ಹಂಚಿನ ಕಾರ್ಖಾನೆ.

ನೇಯ್ಗೆಗೆ ಜೀವ ಬಂದದ್ದು 1851ರಲ್ಲಿ ಹಾಲರ್ ಎಂಬ ಕಸುಬುದಾರ ಯುರೋಪಿನಿಂದ ಬಂದ ಮೇಲೆ. ಅವನು ಹೊಸ ಬಗೆಯ ಮಗ್ಗಗಳನ್ನು ಹೂಡಿದ, ಬಣ್ಣಗಳ ಪ್ರಯೋಗ ಮಾಡಿದ. ಖಾಕಿ ಬಟ್ಟೆಗೆ ಮಂಗಳೂರಿನ ಹೆಸರು ಅಂಟಿಕೊಂಡದ್ದು ಆ ಪ್ರಯೋಗಗಳಿಂದಲೇ. ಅಚ್ಚುಕೂಟದ ಕೆಲಸಕ್ಕೆಂದು ಬಂದಿದ್ದ ಪ್ಲೆಬ್ಸ್ಟ್ ನೇತ್ರಾವತಿ ದಂಡೆಯ ಜೇಡಿಮಣ್ಣನ್ನು ಪರೀಕ್ಷಿಸಿ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ಮುಳಿಹುಲ್ಲಿನ ಮಾಡುಗಳಿದ್ದ ಕರಾವಳಿಯಲ್ಲಿ ಕೆಂಪು ಹಂಚಿನ ಮಾಡು ಬಂದದ್ದು ಹೀಗೆ. ಇವೆಲ್ಲದರ ಹಿಂದೆ ಹಣದ ವ್ಯವಸ್ಥೆಯೂ ಇತ್ತು. ಬಾಸೆಲ್ ನಗರದ ವರ್ತಕರು 1859ರಲ್ಲಿ ಷೇರು ಬಂಡವಾಳದ ಒಂದು ವ್ಯಾಪಾರ ಕಂಪನಿ ಕಟ್ಟಿದರು. ಷೇರುದಾರರಿಗೆ ಮಿತಿಯುಳ್ಳ ಲಾಭಾಂಶ ಕೊಟ್ಟು ಉಳಿದದ್ದರಲ್ಲಿ ಮಿಷನ್ನಿಗೆ ಪಾಲು ಕೊಡುವುದು ಅದರ ಕ್ರಮ. ಕಂಪನಿಯ ಲಾಭದ ಭಾಗವನ್ನು ಸಮಾಜದ ಕೆಲಸಕ್ಕೆ ಸಲ್ಲಿಸುವ ಪದ್ಧತಿ, ಅದಕ್ಕೆ ಕಾನೂನಿನ ಹೆಸರು ಬರುವ ಒಂದೂವರೆ ಶತಮಾನ ಮೊದಲೇ, ಮಂಗಳೂರಿನಲ್ಲಿ ನಡೆದಿತ್ತು.

ಆದರೆ ಮಿಷನ್ ಕಂಡುಕೊಂಡ ಉತ್ತರಕ್ಕೆ ಒಂದು ಮಿತಿ ಇತ್ತು. ಕಲಿತವನಿಗೆ ಅದೇ ಕಾರ್ಖಾನೆಯಲ್ಲಿ ಕೆಲಸ. ಕೂಲಿ, ವಸತಿ, ಮಕ್ಕಳ ಶಾಲೆ, ಇಗರ್ಜಿ ಎಲ್ಲವೂ ಒಂದೇ ಯಜಮಾನನ ಕೈಯಲ್ಲಿ. ಇದರಿಂದ ಸಿಕ್ಕ ಭದ್ರತೆ ಸಣ್ಣದಲ್ಲ. ಜಾತಿಯ ಕಾರಣಕ್ಕೆ ತಲೆ ತಗ್ಗಿಸಿ ನಡೆದವರ ಮಕ್ಕಳು ಮೊಳೆ ಜೋಡಿಸುವವರಾಗಿ, ಮೇಸ್ತ್ರಿಗಳಾಗಿ, ಗುಮಾಸ್ತರಾಗಿ ನಿಂತರು. ಆದರೂ ಕಾರ್ಖಾನೆ ಮುಚ್ಚಿದರೆ ಎಲ್ಲವೂ ಮುಚ್ಚಿದಂತೆ. ಮೊದಲ ಮಹಾಯುದ್ಧದಲ್ಲಿ ಇದು ಕಣ್ಣೆದುರೇ ಸಾಬೀತಾಯಿತು. ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರಕಾರ ಬಂಧಿಸಿತು, ಮಿಷನ್ನಿನ ಕೈಗಾರಿಕೆಗಳು ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಕಸುಬು ಮಾತ್ರ ಆಗಲೇ ಗೋಡೆ ದಾಟಿ ಹೊರಗೆ ಬಂದಿತ್ತು. 1868ರಲ್ಲೇ ಆಲ್ಬುಕರ್ಕ್ ಹಂಚಿನ ಕಾರ್ಖಾನೆ ತಲೆ ಎತ್ತಿತ್ತು. ಮುಂದೆ ನೇತ್ರಾವತಿ, ಗುರುಪುರ ನದಿಗಳ ದಂಡೆಯ ಉದ್ದಕ್ಕೂ ಸ್ಥಳೀಯರ ಕಾರ್ಖಾನೆಗಳು ಬಂದು ಮಂಗಳೂರು ಹಂಚು ದೂರದೇಶಗಳಿಗೂ ಹೋಯಿತು.

ಮಿಷನ್ನಿಗೆ ಸೇರದೆ ಉಳಿದ, ಯಾವ ಶಾಲೆಯೂ ಬಾಗಿಲು ತೆರೆಯದ ದಲಿತ ಮಕ್ಕಳ ಕಡೆಗೆ ನೋಡಿದವರು ಕುದ್ಮುಲ್ ರಂಗರಾವ್. ಕಾಸರಗೋಡಿನಲ್ಲಿ 1859ರಲ್ಲಿ ಹುಟ್ಟಿ ಮಂಗಳೂರಿನಲ್ಲಿ ವಕೀಲಿ ಮಾಡುತ್ತಿದ್ದ ಈ ಸಾರಸ್ವತ ಬ್ರಾಹ್ಮಣರು 1892ರಲ್ಲಿ ದಲಿತರಿಗಾಗಿ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಅಕ್ಷರದ ಜೊತೆಗೆ ನೇಯ್ಗೆ, ಮರಗೆಲಸ ಕಲಿಸುವ ಏರ್ಪಾಡು ಅಲ್ಲಿತ್ತು. ಬಂಧುಗಳು ಬಹಿಷ್ಕಾರ ಹಾಕಿದರು, ಪಾಠ ಹೇಳಲು ಬಂದ ಮಾಸ್ತರರು ನಿಲ್ಲಲಿಲ್ಲ, ಆದರೂ ಅವರು ಹಿಂದೆ ಸರಿಯಲಿಲ್ಲ. ರಂಗರಾಯರ ಹಿಂದೆ ಕಂಪನಿಯೂ ಇರಲಿಲ್ಲ, ಬ್ಯಾಂಕೂ ಇರಲಿಲ್ಲ. ದಾನಿಗಳ ಮನೆಬಾಗಿಲಲ್ಲಿ ನಿಂತು ತಂದ ಹಣದಲ್ಲೇ ಎಲ್ಲ ನಡೆಯಬೇಕಿತ್ತು. ಅವರ ಕೆಲಸದ ಎತ್ತರಕ್ಕೆ ತಕ್ಕ ಹರವು ಅದಕ್ಕೆ ಸಿಗದೆ ಹೋದದ್ದರಲ್ಲಿ ಈ ಕೊರತೆಯ ಪಾಲು ದೊಡ್ಡದು. ಜಿಲ್ಲೆಯ ಹಣವಂತರು ಆ ಹೊತ್ತಿಗೆ ಮನಸ್ಸು ಮಾಡಿದ್ದರೆ ಕರಾವಳಿಯ ಸಮಾಜದ ಚರಿತ್ರೆ ಬೇರೆಯೇ ಆಗುತ್ತಿತ್ತು.

ಅದೇ ದಶಕದಲ್ಲಿ ಮಂಗಳೂರಿನ ಇನ್ನೊಬ್ಬ ವಕೀಲ, ಮೂಲ್ಕಿಯ ಅಮ್ಮೆಂಬಳ ಸುಬ್ಬರಾವ್ ಪೈ, ಬೇರೆ ದಾರಿ ಹಿಡಿದರು. 1891ರಲ್ಲಿ ಕೆನರಾ ಹೈಸ್ಕೂಲ್, 1894ರಲ್ಲಿ ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶಾಲೆ ಆರಂಭಿಸಿದ ಮೇಲೆ, 1906ರಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಎಂಬ ಹಣಕಾಸು ಸಂಸ್ಥೆ ಕಟ್ಟಿದರು. ಮುಂದೆ ಕೆನರಾ ಬ್ಯಾಂಕ್ ಆದದ್ದು ಇದೇ. ಮೊದಲು ಶಾಲೆ, ಆಮೇಲೆ ಬ್ಯಾಂಕು ಎಂಬ ಈ ಅನುಕ್ರಮ ಗಮನಿಸತಕ್ಕದ್ದು. ಅವರು ಹಾಕಿಕೊಟ್ಟ ಸಂಸ್ಥಾಪನಾ ತತ್ವಗಳಲ್ಲಿ ಮೂಢನಂಬಿಕೆ ಮತ್ತು ಅಜ್ಞಾನವನ್ನು ಕಳೆಯುವುದು, ಶಿಕ್ಷಣವನ್ನು ಹರಡುವುದು, ಉಳಿತಾಯದ ಅಭ್ಯಾಸ ಬೆಳೆಸುವುದು, ಅಗತ್ಯವುಳ್ಳವರಿಗೆ ನೆರವಾಗುವುದು ಸೇರಿವೆ. ಬ್ಯಾಂಕು ಜನಸಮುದಾಯದ ಹಣದ ಕೇಂದ್ರವಾದರೆ ಸಾಲದು, ಅದರ ಹೃದಯವೂ ಆಗಬೇಕು ಎಂಬ ಆಶಯ ಅಲ್ಲಿದೆ. ಲಾಭದಿಂದ ದಾನ ಕೊಡುವುದು ಒಂದು, ಬ್ಯಾಂಕು ಹುಟ್ಟುವಾಗಲೇ ಶಿಕ್ಷಣವನ್ನು ಅದರ ಉದ್ದೇಶಗಳಲ್ಲಿ ಸೇರಿಸುವುದು ಇನ್ನೊಂದು. ಪೈಗಳು ಮಾಡಿದ್ದು ಎರಡನೆಯದು.

ಅದೇ 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭಿಸಿದರು. ಹತ್ತೊಂಬತ್ತು ವರ್ಷಗಳ ಬಳಿಕ, 1925ರಲ್ಲಿ, ಉಡುಪಿಯಲ್ಲೇ ಇನ್ನೊಂದು ಸಂಸ್ಥೆ ಹುಟ್ಟಿತು. ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು 8,000 ರೂಪಾಯಿ ಬಂಡವಾಳದಲ್ಲಿ ತೆರೆದ ಈ ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. ಕೈಮಗ್ಗ ಸೊರಗಿ ಕಂಗೆಟ್ಟಿದ್ದ ನೇಕಾರರಿಗೆ ಬಂಡವಾಳ ಒದಗಿಸುವುದು ಅದರ ಆರಂಭದ ಉದ್ದೇಶಗಳಲ್ಲಿ ಮುಖ್ಯವಾದದ್ದು. 1928ರಲ್ಲಿ ಪಿಗ್ಮಿ ಠೇವಣಿ ಬಂತು. ಏಜೆಂಟರು ದಿನವೂ ಮನೆ, ಅಂಗಡಿಗಳಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಮೀನು ಮಾರುವವರು, ಹೋಟೆಲ್ ಮಾಣಿಗಳು, ಸಣ್ಣ ಅಂಗಡಿಯವರು ಬ್ಯಾಂಕಿನ ಗಿರಾಕಿಗಳಾದರು. ಮುಂದೆ ಬಡವರ ತರಬೇತಿಗೆ ಹಣ ಹಾಕಿದ ಬ್ಯಾಂಕಿನ ಗಳಿಕೆಯ ಬುಡದಲ್ಲಿ ಬಡವರದೇ ಉಳಿತಾಯ ಇತ್ತು ಎಂಬುದನ್ನು ಮರೆಯುವಂತಿಲ್ಲ.

ಟಿ.ಎಂ.ಎ. ಪೈ ವೈದ್ಯರು. ಅವರು 1942ರಲ್ಲಿ ಮಣಿಪಾಲದಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಆರಂಭಿಸಿದಾಗ ಮೊದಲ ಯೋಚನೆ ಕಾಲೇಜಿನದಾಗಿರಲಿಲ್ಲ. ಶಾಲೆ ಮುಗಿಸಿ ಮುಂದೆ ಓದಲಾಗದೆ, ಕೆಲಸವೂ ಸಿಗದೆ ತಿರುಗುವ ಹುಡುಗರಿಗೆ ಒಂದು ಕೈಕಸುಬು ಕಲಿಸಬೇಕೆಂಬುದೇ ಆರಂಭ. ಬೋಳುಗುಡ್ಡವಾಗಿದ್ದ ಮಣಿಪಾಲ ಊರಾದದ್ದು ಇದರ ನಂತರ. ಆ ಕಾಲದಲ್ಲಿ ಜಿಲ್ಲೆಯ ಹುಡುಗರಿಗೆ ಇದ್ದ ದೊಡ್ಡ ದಾರಿ ಮುಂಬಯಿಯ ದೋಣಿ ಅಥವಾ ಬಸ್ಸು. ಅಲ್ಲಿ ಹೋಟೆಲಿನಲ್ಲಿ ಲೋಟ ತೊಳೆಯುತ್ತ ದುಡಿದ ಹುಡುಗರಿಗಾಗಿ ಕರಾವಳಿಯ ಸಮುದಾಯ ಸಂಘಗಳು ಕನ್ನಡ ರಾತ್ರಿಶಾಲೆಗಳನ್ನು ನಡೆಸಿದವು. ಹಗಲಿಡೀ ದುಡಿದು ರಾತ್ರಿ ಮೆಟ್ರಿಕ್ ಓದಿದ ಒಂದು ಪೀಳಿಗೆಯೇ ಅಲ್ಲಿ ಬೆಳೆಯಿತು. ಆ ಶಾಲೆಗಳ ಚರಿತ್ರೆ ಪ್ರತ್ಯೇಕ ಗ್ರಂಥಕ್ಕೆ ತಕ್ಕಷ್ಟು ದೊಡ್ಡದು.

ಮಣಿಪಾಲದ ದಾರಿ ಮಾತ್ರ ಬೇಗನೆ ಇನ್ನೊಂದು ಕಡೆಗೆ ತಿರುಗಿತು. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದವು. ಸರಕಾರದ ಬಳಿ ಹಣವಿಲ್ಲದಿದ್ದಾಗ ಕಲಿಯುವವರ ಮನೆಯಿಂದಲೇ ಬಂಡವಾಳ ಪಡೆದು ಕಾಲೇಜು ಕಟ್ಟುವ ಈ ಕ್ರಮ ದೇಶಕ್ಕೆ ಸಾವಿರಾರು ವೈದ್ಯರನ್ನು ಕೊಟ್ಟಿತು. ಅದರ ಜೊತೆಗೆ, ಹಣವುಳ್ಳವರಿಗೆ ಮಾತ್ರ ತೆರೆಯುವ ಬಾಗಿಲು ಎಂಬ ಆಕ್ಷೇಪವನ್ನೂ ತಂದಿತು. ಬೇರೆಡೆ ಇದನ್ನು ಅನುಕರಿಸಿದ ಸಂಸ್ಥೆಗಳು ಹಣ ವಸೂಲಿಯನ್ನಷ್ಟೇ ಕಲಿತವು. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಿ ಕರ್ನಾಟಕ 1984ರಲ್ಲಿ ಕಾಯ್ದೆ ಮಾಡಬೇಕಾಯಿತು. ಈ ಶುಲ್ಕವನ್ನೇ ಪ್ರಶ್ನಿಸಿದ 1992ರ ಮೋಹಿನಿ ಜೈನ್ ಪ್ರಕರಣವೂ ಕರ್ನಾಟಕದ್ದೇ. ಖಾಸಗಿ ಶಿಕ್ಷಣ ಸಂಸ್ಥೆಗಳ ಹಕ್ಕನ್ನು ವಿಚಾರಿಸಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಕೊಟ್ಟ ಪ್ರಸಿದ್ಧ ತೀರ್ಪಿನ ಹೆಸರಿನಲ್ಲೇ ಟಿ.ಎಂ.ಎ. ಪೈ ಪ್ರತಿಷ್ಠಾನವಿದೆ. ಬಡ ಹುಡುಗನಿಗೆ ಕಸುಬು ಕಲಿಸಲು ಹೊರಟ ಪ್ರಯತ್ನ ದುಬಾರಿ ಕಾಲೇಜುಗಳ ಚರ್ಚೆಯ ನಡುವೆ ಬಂದು ನಿಂತದ್ದು ವಿಷಾದದ ತಿರುವು. ಆದರೆ ಅದೇ ಜಿಲ್ಲೆಯಲ್ಲಿ, ಅದೇ ಸಿಂಡಿಕೇಟ್ ಬ್ಯಾಂಕಿನ ಹಣದಿಂದ, ಮೊದಲ ಆಶಯಕ್ಕೆ ಮತ್ತೆ ಜೀವ ಬರುವುದಿತ್ತು.

1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ ಹದಿನಾಲ್ಕು ಬ್ಯಾಂಕುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ಇದ್ದವು. 1980ರ ಏಪ್ರಿಲ್ 15ರ ಎರಡನೆಯ ಸುತ್ತಿನಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಸೇರಿದವು. ಹಳ್ಳಿಗೆ ಸಾಲ ಹೋಗಬೇಕೆಂಬ ಒತ್ತಾಯ ಈಗ ಸರಕಾರದ್ದಾಯಿತು. ಲೀಡ್ ಬ್ಯಾಂಕ್ ಯೋಜನೆ ಬಂದು ಪ್ರತಿ ಜಿಲ್ಲೆಗೂ ಒಂದು ಬ್ಯಾಂಕು ಹೊಣೆಯಾಯಿತು. 1974ರ ಭೂಸುಧಾರಣೆ ತಿದ್ದುಪಡಿಯಿಂದ ಕರಾವಳಿಯ ಅಸಂಖ್ಯ ಚಾಲಗೇಣಿ ಒಕ್ಕಲುಗಳಿಗೆ ಭೂಮಿಯ ಒಡೆತನ ಬಂತು. ಆದರೆ ತುಂಡು ಗದ್ದೆಯಲ್ಲಿ ನಾಲ್ಕು ಮಕ್ಕಳ ಜೀವನ ಸಾಗದು. ಬೀಡಿ ಕಟ್ಟುವುದು, ಮುಂಬಯಿಗೆ ಹೋಗುವುದು, ಇಲ್ಲದಿದ್ದರೆ ಮನೆಯಲ್ಲಿ ಕೂರುವುದು ಎಂಬ ಸ್ಥಿತಿಯಲ್ಲಿ ಹತ್ತನೇ ತರಗತಿ ಮುಟ್ಟಿದ ಹುಡುಗರು ಹಳ್ಳಿಗಳಲ್ಲಿ ಹೆಚ್ಚಾದರು.

ಇಂಥವರಿಗಾಗಿ ಕೇಂದ್ರ ಸರಕಾರ 1979ರ ಆಗಸ್ಟ್ 15ರಂದು ಟ್ರೈಸೆಮ್ ಎಂಬ ಯೋಜನೆ ತಂದಿತು. ಗ್ರಾಮೀಣ ಯುವಕರಿಗೆ ಸ್ವಉದ್ಯೋಗದ ತರಬೇತಿ ಕೊಡುವುದು ಅದರ ಗುರಿ. ಯೋಜನೆ ದೊಡ್ಡದಾಗಿತ್ತು, ಹಣವೂ ಇತ್ತು. ಸೋಲು ಬಂದದ್ದು ಕೊಂಡಿ ಕಳಚಿದ್ದರಿಂದ. ತರಬೇತಿ ಕೊಡುವವರು ಒಬ್ಬರು, ಫಲಾನುಭವಿಯನ್ನು ಆರಿಸುವವರು ಇನ್ನೊಬ್ಬರು, ಸಾಲ ಕೊಡುವವರು ಮತ್ತೊಬ್ಬರು. ಹೊಲಿಗೆ ಕಲಿತವಳು ಪ್ರಮಾಣಪತ್ರ ಹಿಡಿದು ಬ್ಯಾಂಕಿಗೆ ಹೋದರೆ ಮ್ಯಾನೇಜರರಿಗೆ ಅವಳ ಗುರುತೇ ಇಲ್ಲ. ತಿಂಗಳ ಭತ್ಯೆಗಾಗಿ ತರಬೇತಿಗೆ ಸೇರಿ, ಅದು ಮುಗಿದೊಡನೆ ಕಲಿತದ್ದನ್ನು ಬಿಟ್ಟವರು ಅನೇಕರು. 1999ರಲ್ಲಿ ಟ್ರೈಸೆಮ್ ಬೇರೆ ಯೋಜನೆಯಲ್ಲಿ ವಿಲೀನವಾಯಿತು.

ಉಜಿರೆಯ ಪ್ರಯೋಗ ಈ ಕೊಂಡಿಯನ್ನೇ ಹಿಡಿಯಿತು. ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಬಳಿಗೆ ಕೆಲಸ ಕೊಡಿಸಿ ಎಂದು ಬರುವ ಯುವಕರು ದಿನವೂ ಇದ್ದರು. ಎಷ್ಟು ಜನರಿಗೆಂದು ನೌಕರಿ ಕೊಡಿಸಲು ಸಾಧ್ಯ? ನೌಕರಿಯ ಬದಲು ಸ್ವಂತ ದುಡಿಮೆಗೆ ಅವರನ್ನು ತಯಾರು ಮಾಡುವ ಯೋಚನೆ ಹುಟ್ಟಿತು. 1982ರಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಗ್ರಾಮೀಣಾಭಿವೃದ್ಧಿ ಮತ್ತು ಸ್ವಉದ್ಯೋಗ ತರಬೇತಿ ಸಂಸ್ಥೆಯನ್ನು ಆರಂಭಿಸಿದವು. ಜನರ ಬಾಯಲ್ಲಿ ಅದು ರುಡ್‌ಸೆಟ್. ಜಾಗವಾಗಿ ಸಿಕ್ಕಿದ್ದು ಉಜಿರೆಯ ಸಿದ್ಧವನ. ಧರ್ಮಸ್ಥಳದ ಹಿಂದಿನ ತಲೆಮಾರಿನ ಧರ್ಮಾಧಿಕಾರಿ ಮಂಜಯ್ಯ ಹೆಗ್ಗಡೆಯವರು ಬಡ ವಿದ್ಯಾರ್ಥಿಗಳಿಗೆಂದು ಕಟ್ಟಿದ ಗುರುಕುಲ ಅಲ್ಲಿತ್ತು. ಉಚಿತ ಊಟ, ವಸತಿ, ಅದಕ್ಕೆ ಪ್ರತಿಯಾಗಿ ತೋಟದಲ್ಲಿ ಮೈಮುರಿದು ದುಡಿಮೆ ಎಂಬ ಗುರುಕುಲದ ಶಿಸ್ತು ಹೊಸ ಸಂಸ್ಥೆಗೂ ಇಳಿದು ಬಂತು.

ಸಂಸ್ಥೆಯ ಕಟ್ಟೋಣವೇ ಅದರ ಬಲ. ಆಡಳಿತ ಮಂಡಳಿಯಲ್ಲಿ ಹೆಗ್ಗಡೆಯವರ ಜೊತೆಗೆ ಬ್ಯಾಂಕುಗಳ ಹಿರಿಯ ಅಧಿಕಾರಿಗಳು ಕುಳಿತರು. ದಿನನಿತ್ಯದ ಕೆಲಸ ನಡೆಸುವ ನಿರ್ದೇಶಕರೂ ಬ್ಯಾಂಕಿನಿಂದ ನಿಯೋಜನೆಯ ಮೇಲೆ ಬಂದ ಅಧಿಕಾರಿಯೇ. ಸಾಲದ ಅರ್ಜಿ ಯಾಕೆ ತಿರಸ್ಕಾರವಾಗುತ್ತದೆ, ಶಾಖೆಯ ಮ್ಯಾನೇಜರ್ ಯಾವ ಪ್ರಶ್ನೆ ಕೇಳುತ್ತಾನೆ, ಯಾವ ಕಸುಬಿಗೆ ಎಷ್ಟು ದುಡಿಯುವ ಬಂಡವಾಳ ಬೇಕು ಎಂಬುದೆಲ್ಲ ಅವರಿಗೆ ಕರತಲಾಮಲಕ. ಖರ್ಚನ್ನು ಪ್ರಾಯೋಜಕರು ಹಂಚಿಕೊಂಡರು. ಕಲಿಯಲು ಬಂದವರಿಂದ ಪಡೆದದ್ದು ಸಮಯ ಮತ್ತು ಶ್ರಮವನ್ನು ಮಾತ್ರ.

ತರಬೇತಿಯ ಕ್ರಮ ಹೀಗಿದೆ. ಹದಿನೆಂಟರಿಂದ ನಲವತ್ತೈದು ವರ್ಷದೊಳಗಿನವರು ಅರ್ಜಿ ಹಾಕಬಹುದು. ಆಯ್ಕೆಯಲ್ಲಿ ಅಂಕಪಟ್ಟಿಗಿಂತ ದುಡಿಯುವ ಹಂಬಲಕ್ಕೆ ಹೆಚ್ಚಿನ ಬೆಲೆ. ಮೂವತ್ತರ ಆಸುಪಾಸಿನ ಒಂದು ತಂಡ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಸಂಸ್ಥೆಯಲ್ಲೇ ಉಳಿಯುತ್ತದೆ. ದಿನ ಆರಂಭವಾಗುವುದು ಪ್ರಾರ್ಥನೆ, ಯೋಗ, ಶ್ರಮದಾನದಿಂದ. ಕಸುಬಿಗೆ ಕೈಹಾಕುವ ಮೊದಲು ಶಿಬಿರಾರ್ಥಿಗಳಿಗೆ ಸಾಧನಾ ಪ್ರೇರಣೆಯ ಪಾಠಗಳಿರುತ್ತವೆ, ಅವುಗಳಲ್ಲಿ ಆಟಗಳೇ ಹೆಚ್ಚು. ಬಳೆ ಎಸೆಯುವ ಆಟದಲ್ಲಿ ಎಷ್ಟು ದೂರ ನಿಂತು ಎಸೆಯಬೇಕೆಂದು ಆಡುವವನೇ ನಿರ್ಧರಿಸಬೇಕು. ತೀರಾ ಹತ್ತಿರ ನಿಂತವನಿಗೆ ಅಂಕ ಕಡಿಮೆ, ತೀರಾ ದೂರ ನಿಂತವನಿಗೆ ಗುರಿ ತಪ್ಪುತ್ತದೆ. ತಾಳಿಕೊಳ್ಳಬಲ್ಲಷ್ಟು ಅಪಾಯವನ್ನು ಅಳೆದು ಕೈಹಾಕುವುದನ್ನು ಇದು ಕಲಿಸುತ್ತದೆ. ಮರದ ತುಂಡುಗಳ ಗೋಪುರ ಕಟ್ಟುವ ಆಟ, ಕಾಗದದ ದೋಣಿ ಮಾಡುವ ಆಟವೂ ಇವೆ. ದೋಣಿಯ ಆಟದಲ್ಲಿ ಕಚ್ಚಾ ಸಾಮಗ್ರಿ ಕೊಳ್ಳಬೇಕು, ಗುಣಮಟ್ಟ ಒಪ್ಪಿಗೆಯಾಗಬೇಕು, ಕೊನೆಗೆ ಲಾಭ ನಷ್ಟ ಲೆಕ್ಕ ಹಾಕಬೇಕು. ಮನೆಯಲ್ಲಿ ತಂದೆಯ ಮುಂದೆ, ಊರಿನಲ್ಲಿ ಧಣಿಯ ಮುಂದೆ ಬಾಯಿ ತೆರೆಯದೆ ಬೆಳೆದವರು ತಂಡದ ಎದುರು ನಿಂತು ಮಾತಾಡಲು ಕಲಿಯುವುದು ಈ ದಿನಗಳಲ್ಲೇ. ತರಬೇತಿಯ ಅತ್ಯಂತ ಬೆಲೆಯುಳ್ಳ ಭಾಗ ಇದೇ ಎನ್ನಬೇಕು.

ಆಮೇಲೆ ಕಸುಬು. ಮೋಟಾರ್ ರಿವೈಂಡಿಂಗ್, ವಯರಿಂಗ್, ದ್ವಿಚಕ್ರ ವಾಹನ ರಿಪೇರಿ, ಹೊಲಿಗೆ, ಛಾಯಾಗ್ರಹಣ, ಹೈನುಗಾರಿಕೆ, ಜೇನು ಸಾಕಣೆ, ಮುಂದೆ ಮೊಬೈಲ್ ರಿಪೇರಿ, ಬ್ಯೂಟಿ ಪಾರ್ಲರ್, ಕಂಪ್ಯೂಟರ್ ಹೀಗೆ ಪಟ್ಟಿ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಕಸುಬಿನ ಪಾಠದ ನಡುವೆ ಶಿಬಿರಾರ್ಥಿಗಳು ಪೇಟೆಗೆ ಹೋಗಿ ಸಮೀಕ್ಷೆ ಮಾಡಬೇಕು. ಊರಲ್ಲಿ ಈಗಾಗಲೇ ಎಷ್ಟು ಅಂಗಡಿಗಳಿವೆ, ಬಾಡಿಗೆ ಎಷ್ಟು, ಸರಕು ಎಲ್ಲಿಂದ ಬರುತ್ತದೆ, ಗಿರಾಕಿ ಉದ್ದರಿ ಕೇಳಿದರೆ ಏನು ಮಾಡಬೇಕು ಎಂದು ಕೇಳಿ ತಿಳಿದುಕೊಳ್ಳಬೇಕು. ಅದರ ಆಧಾರದಲ್ಲಿ ಯೋಜನಾ ವರದಿ ಬರೆಯಬೇಕು. ಈ ವರದಿಯೇ ಸಾಲದ ಅರ್ಜಿಯ ಜೊತೆ ಬ್ಯಾಂಕಿಗೆ ಹೋಗುತ್ತದೆ. ತರಬೇತಿ ಮುಗಿದ ಮೇಲೆ ಎರಡು ವರ್ಷ ಸಂಸ್ಥೆ ಅವರ ಬೆನ್ನಿಗೆ ನಿಲ್ಲುತ್ತದೆ. ಪತ್ರ, ಭೇಟಿ, ಹಳೆಯ ಶಿಬಿರಾರ್ಥಿಗಳ ಸಭೆ, ಬ್ಯಾಂಕಿನವರ ಜೊತೆ ಮಾತುಕತೆ, ಹೀಗೆ ಅಂಗಡಿ ನಿಲ್ಲುವವರೆಗೆ ಕೈ ಬಿಡುವುದಿಲ್ಲ. ಅನೇಕ ತರಬೇತಿ ಯೋಜನೆಗಳು ಪ್ರಮಾಣಪತ್ರ ಹಂಚುವ ದಿನ ಮುಗಿದರೆ, ಇದು ಆ ದಿನ ಇನ್ನೊಂದು ಹಂತಕ್ಕೆ ಕಾಲಿಡುತ್ತದೆ.

ಬಾಸೆಲ್ ಮಿಷನ್ ಕಲಿತವನಿಗೆ ಕೆಲಸ ಕೊಟ್ಟಿತ್ತು, ಉಜಿರೆ ಸಾಲ ಕೊಡಿಸಿತು. ಸಾಲ ಪಡೆದವನಿಗೆ ಅಪಾಯ ಹೆಚ್ಚು, ಆದರೆ ಕಾರ್ಖಾನೆಯ ಗೇಟು ಮುಚ್ಚಿದರೂ ಅವನ ಅಂಗಡಿಗೆ ಬೀಗ ಬೀಳುವುದಿಲ್ಲ. ಉಜಿರೆಯ ಕ್ರಮಕ್ಕೂ ಕೊರತೆಗಳುಂಟು. ಸ್ವಉದ್ಯೋಗ ಎಲ್ಲರಿಗೂ ಒಗ್ಗುವಂಥದ್ದಲ್ಲ. ಮನೆಯಲ್ಲಿ ಒಂದು ಕೋಣೆ, ರಸ್ತೆಬದಿಯಲ್ಲಿ ಒಂದಿಷ್ಟು ಜಾಗ, ಜಾಮೀನಿಗೆ ಒಬ್ಬ ನೆಂಟ ಇರುವವನಿಗೆ ಅದು ಬೇಗ ಕೈಗೂಡುತ್ತದೆ. ಇವು ಯಾವುವೂ ಇಲ್ಲದ ಕೊರಗರಂಥ ಸಮುದಾಯಗಳ ಯುವಕರಿಗೆ ಅದೇ ಹಾದಿ ಹೆಚ್ಚು ಕಡಿದು. ರಂಗರಾಯರು ಕೈಹಾಕಿದ ಕೆಲಸದ ಬಹುಪಾಲು ಇನ್ನೂ ಬಾಕಿ ಇದೆ ಎಂದು ಹೇಳಲೇಬೇಕಾಗುತ್ತದೆ.

ಉಜಿರೆಯ ನಂತರ ಕರ್ನಾಟಕದಲ್ಲಿ ಬ್ರಹ್ಮಾವರ, ಧಾರವಾಡ, ಮೈಸೂರು, ಚಿತ್ರದುರ್ಗ, ವಿಜಯಪುರ, ನೆಲಮಂಗಲಗಳಲ್ಲಿ, ಹೊರಗೆ ಕಣ್ಣೂರು, ಅನಂತಪುರ, ಭುವನೇಶ್ವರದಂಥ ಕಡೆಗಳಲ್ಲಿ ರುಡ್‌ಸೆಟ್ ಘಟಕಗಳು ಬಂದವು. ಇದರ ಜೊತೆಗೆ ಕೆನರಾ ಬ್ಯಾಂಕು ತನ್ನದೇ ಟ್ರಸ್ಟಿನ ಮೂಲಕವೂ ತರಬೇತಿ ಕೇಂದ್ರಗಳನ್ನು ನಡೆಸಿತು. ಅವುಗಳಲ್ಲಿ ಕಾರ್ಕಳದ ಬಳಿಯ ಮಿಯಾರಿನಲ್ಲಿರುವ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆಯ ರೀತಿಯೇ ಬೇರೆ. 1432ರಲ್ಲಿ ಬಾಹುಬಲಿಯ ಏಕಶಿಲಾ ಮೂರ್ತಿ ಎದ್ದು ನಿಂತ ಕಾರ್ಕಳ ಕಲ್ಲಿನ ಕೆಲಸಕ್ಕೆ ಹೆಸರಾದ ಊರು. ಶಿಲ್ಪವಿದ್ಯೆ ಅಲ್ಲಿ ಕೆಲವೇ ಮನೆತನಗಳಲ್ಲಿ ತಂದೆಯಿಂದ ಮಗನಿಗೆ ಇಳಿದು ಬಂದದ್ದು. ಮಿಯಾರಿನ ಸಂಸ್ಥೆ ಯಾವ ಜಾತಿಯ, ಯಾವ ಊರಿನ ಹುಡುಗನಿಗೂ ಊಟ ವಸತಿ ಕೊಟ್ಟು ಕಲ್ಲು, ಮರ, ಲೋಹದ ಶಿಲ್ಪ ಕಲಿಸಿತು. ಉಳಿ ಹಿಡಿಯುವ ಕೈ ಪಳಗಲು ವಾರಗಳು ಸಾಲವು, ವರ್ಷಕ್ಕೂ ಮೀರಿದ ಕಲಿಕೆ ಬೇಕು. ಅಷ್ಟು ಕಾಲ ಒಬ್ಬೊಬ್ಬ ವಿದ್ಯಾರ್ಥಿಯನ್ನು ಪೊರೆಯುವ ತಾಳ್ಮೆಯನ್ನು ಒಂದು ಬ್ಯಾಂಕು ತೋರಿಸಿದ್ದು ಮೆಚ್ಚತಕ್ಕದ್ದು. ಅಲ್ಲಿ ಕಲಿತವರು ಸ್ವಂತ ಶಿಲ್ಪಶಾಲೆಗಳನ್ನು ತೆರೆದಿದ್ದಾರೆ.

2009ರಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಉಜಿರೆಯ ಮಾದರಿಯನ್ನು ಇಡೀ ದೇಶಕ್ಕೆ ಒಪ್ಪಿಸಿತು. ಪ್ರತಿ ಜಿಲ್ಲೆಯಲ್ಲೂ ಒಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ, ಅದಕ್ಕೆ ಸಾಮಾನ್ಯವಾಗಿ ಆ ಜಿಲ್ಲೆಯ ಲೀಡ್ ಬ್ಯಾಂಕೇ ಪ್ರಾಯೋಜಕ. ಜಾಗ ರಾಜ್ಯ ಸರಕಾರದ್ದು, ಕಟ್ಟಡಕ್ಕೆ ಕೇಂದ್ರದಿಂದ 1 ಕೋಟಿ ರೂಪಾಯಿವರೆಗೆ ಅನುದಾನ, ಬಡ ಶಿಬಿರಾರ್ಥಿಗಳ ತರಬೇತಿ ವೆಚ್ಚಕ್ಕೂ ಸರಕಾರದ ನೆರವು. ತರಬೇತಿ ಪಡೆಯುವವರಲ್ಲಿ ಶೇ. 70ರಷ್ಟಾದರೂ ಬಡತನ ರೇಖೆಯ ಕೆಳಗಿನ ಗ್ರಾಮೀಣರಿರಬೇಕೆಂಬ ನಿಯಮ ಬಂತು. ಇಂಥ ಸಂಸ್ಥೆಗಳ ಸಂಖ್ಯೆ ಈಗ 500 ದಾಟಿದೆ. ಅವುಗಳ ಬೋಧಕರನ್ನು ತಯಾರು ಮಾಡುವ ರುಡ್‌ಸೆಟ್ ರಾಷ್ಟ್ರೀಯ ಅಕಾಡೆಮಿ ಬೆಂಗಳೂರಿನಲ್ಲಿದೆ. ಮಹಿಳಾ ಸ್ವಸಹಾಯ ಸಂಘಗಳ ಜೊತೆ ನಂಟು ಬೆಳೆದ ಮೇಲೆ ಶಿಬಿರಗಳಲ್ಲಿ ಹೆಂಗಸರ ಸಂಖ್ಯೆ ಬಹಳ ಏರಿತು. ಹರಡಿದಷ್ಟೂ ಗುಣ ಒಂದೇ ಮಟ್ಟದಲ್ಲಿ ಉಳಿಯುವುದು ಕಷ್ಟ. ನಿರ್ದೇಶಕರಾಗಿ ಬಂದ ಅಧಿಕಾರಿಗೆ ಆ ಕೆಲಸದಲ್ಲಿ ಮನಸ್ಸಿದ್ದ ಕಡೆ ಸಂಸ್ಥೆ ಜೀವಂತವಾಗಿರುತ್ತದೆ, ವರ್ಗಾವಣೆಯ ನಡುವಿನ ತಂಗುದಾಣ ಎಂದುಕೊಂಡ ಕಡೆ ಅದು ಅಂಕಿಸಂಖ್ಯೆಯ ಕಚೇರಿಯಾಗುತ್ತದೆ.

ಬ್ಯಾಂಕುಗಳು ಸ್ವಇಚ್ಛೆಯಿಂದ ಮಾಡಿದ್ದನ್ನು ಕಂಪನಿಗಳಿಗೆ ಕಡ್ಡಾಯ ಮಾಡಿದ್ದು 2013ರ ಕಂಪನಿ ಕಾಯ್ದೆಯ 135ನೇ ಕಲಂ. 2014ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. 500 ಕೋಟಿ ರೂಪಾಯಿಗೆ ಕಡಿಮೆಯಿಲ್ಲದ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದಿದ್ದರೂ ಸಾಕು. ಅಂಥ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಶಿಕ್ಷಣ ಮತ್ತು ಉದ್ಯೋಗ ಕೌಶಲಗಳಿಗೆ ಸ್ಪಷ್ಟ ಸ್ಥಾನವಿದೆ. ರಾಷ್ಟ್ರೀಕೃತ ಬ್ಯಾಂಕುಗಳು ಕಂಪನಿ ಕಾಯ್ದೆಯಡಿ ಹುಟ್ಟಿದ ಕಂಪನಿಗಳಲ್ಲದ ಕಾರಣ ಈ ಕಲಂ ಅವುಗಳಿಗೆ ಅನ್ವಯಿಸದು. ಖಾಸಗಿಯಾಗಿ ಉಳಿದ ಕರ್ಣಾಟಕ ಬ್ಯಾಂಕಿಗೆ ಅನ್ವಯಿಸುತ್ತದೆ. ಶಿಕ್ಷಣಕ್ಕೆ ಹೊಸ ಹಣ ಹರಿದು ಬಂದದ್ದು ನಿಜ. ಆದರೆ ಕಂಪನಿ ನಡೆಯುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುವುದರಿಂದ, ಕಾರ್ಖಾನೆಗಳಿಲ್ಲದ ಜಿಲ್ಲೆಗಳಿಗೆ ಈ ಹಣ ತಲುಪುವುದು ಕಷ್ಟ. ವರ್ಷದ ಲೆಕ್ಕ ವರ್ಷಕ್ಕೆ ಮುಗಿಸುವ ಅವಸರದಲ್ಲಿ ಕಿರು ಅವಧಿಯ ತರಬೇತಿಗಳೇ ಹೆಚ್ಚಾಗುತ್ತವೆ. ಎರಡು ವರ್ಷ ಶಿಬಿರಾರ್ಥಿಯ ಹಿಂದೆ ಹೋಗುವ ಉಜಿರೆಯ ಪಾಠವನ್ನು ಕಲಿತ ಕಂಪನಿಗಳು ಕಡಿಮೆ.

ಕಾಯ್ದೆಗೆ ಮೊದಲೇ ಕರ್ನಾಟಕದಲ್ಲಿ ಇನ್ನೊಂದು ಮಾದರಿಯೂ ಬೆಳೆದಿತ್ತು. ಬೆಂಗಳೂರಿನ ದೊಡ್ಡ ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ತರಬೇತಿ ಹಳೆಯದು. 1961ರ ಅಪ್ರೆಂಟಿಸ್ ಕಾಯ್ದೆ ಅದಕ್ಕೆ ಕಾನೂನಿನ ಚೌಕಟ್ಟು ಕೊಟ್ಟಿತು. 2007ರಲ್ಲಿ ಬಿಡದಿಯ ಟೊಯೊಟಾ ಕಾರ್ಖಾನೆ ಹತ್ತನೇ ತರಗತಿ ಮುಗಿಸಿದ ಬಡ ಗ್ರಾಮೀಣ ಹುಡುಗರಿಗೆ ಮೂರು ವರ್ಷದ ವಸತಿ ಸಹಿತ ತಾಂತ್ರಿಕ ಶಾಲೆ ತೆರೆಯಿತು. ವಾಹನದ ಜೋಡಣೆ, ಬೆಸುಗೆ, ಬಣ್ಣಗಾರಿಕೆಯಂಥ ಕೆಲಸಗಳನ್ನು ಅಲ್ಲಿ ಕಾರ್ಖಾನೆಯ ಶಿಸ್ತಿನಲ್ಲೇ ಕಲಿಸುತ್ತಾರೆ. ಕಲಿಕೆ ಆಳವಾದದ್ದು, ಅವಧಿ ದೀರ್ಘವಾದದ್ದು, ಮುಂದೆ ಕಾರ್ಖಾನೆಯ ಕೆಲಸಕ್ಕೆ ದಾರಿ. ತನಗೆ ಬೇಕಾದ ಕೈಗಳನ್ನು ತಾನೇ ತಯಾರು ಮಾಡಿಕೊಳ್ಳುವ ಈ ಕ್ರಮ ಜೆಪ್ಪುವಿನ ಹಂಚಿನ ಕಾರ್ಖಾನೆಯ ಸಾಲಿನದು. ಹಳ್ಳಿಯ ಬಡ ಮನೆಗೆ ತಿಂಗಳ ಸಂಬಳ ತರುವಲ್ಲಿ ಇದಕ್ಕಿಂತ ನೇರವಾದ ದಾರಿ ಇಲ್ಲ, ಆದರೆ ಸೀಟುಗಳು ಬೆರಳೆಣಿಕೆಯವು.

ಕರಾವಳಿಯ ಬ್ಯಾಂಕುಗಳ ಕಾಲ ಈ ನಡುವೆ ಬದಲಾಯಿತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ, ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾದವು. ಜಿಲ್ಲೆಯ ಜನರಿಗೆ ಇದು ಮನೆಯ ಹೆಸರು ಅಳಿಸಿದಷ್ಟು ನೋವಿನ ಸಂಗತಿಯಾಗಿತ್ತು. ರುಡ್‌ಸೆಟ್‌ನ ಇಬ್ಬರು ಬ್ಯಾಂಕ್ ಪ್ರಾಯೋಜಕರು ಒಬ್ಬರಾದರು. ಸಿಂಡಿಕೇಟ್ ಹೊತ್ತಿದ್ದ ಪಾಲು ಕೆನರಾ ಬ್ಯಾಂಕಿಗೆ ಬಂತು, ಧರ್ಮಸ್ಥಳದ ಟ್ರಸ್ಟಿನ ಪಾಲು ಹಿಂದಿನಂತೆಯೇ ಉಳಿಯಿತು. ಬ್ಯಾಂಕುಗಳ ಆಡಳಿತ ಜಿಲ್ಲೆಯಿಂದ ದೂರ ಸರಿದಿದ್ದರೂ ತರಬೇತಿ ನಿಂತಿಲ್ಲ. 2015ರಲ್ಲಿ ಬಂದ ಮುದ್ರಾ ಯೋಜನೆಯಿಂದ ಆಸ್ತಿಯ ಆಧಾರವಿಲ್ಲದೆ ಸಣ್ಣ ಸಾಲ ಪಡೆಯುವ ಅವಕಾಶ ಕಾಗದದ ಮೇಲೆ ವಿಶಾಲವಾಗಿದೆ. ಆದರೂ ಶಿಬಿರಾರ್ಥಿಯ ಅರ್ಜಿ ಮಂಜೂರಾಗುವುದು ಶಾಖೆಯ ಮಟ್ಟದಲ್ಲೇ. ಊರ ಭಾಷೆ ಬಾರದ ಮ್ಯಾನೇಜರರು ಬಂದಿರುವ ಶಾಖೆಗಳಲ್ಲಿ, ಹೊಲಿಗೆಯಂತ್ರಕ್ಕೆ ಸಾಲ ಕೇಳುವ ಹೆಣ್ಣುಮಗಳ ಪರವಾಗಿ ಸಂಸ್ಥೆಯ ಬೋಧಕರೇ ಹೋಗಿ ಮಾತಾಡಬೇಕಾಗುತ್ತದೆ.